ಐಲ್ಯಾಂಡ್ ಜಿಎ, ಪಿಎಸ್‌ಒ, ಇರುವೆ ಅಲ್ಗಾರಿದಮ್: ನಾಲ್ಕು ಬಾಡಿಗೆ ಮಷೀನಲ್ಲಿ ಓಡಿಸಿ ನೋಡಿದ್ದು

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಐಲ್ಯಾಂಡ್ ಮಾಡೆಲ್ ಜೆನೆಟಿಕ್ ಅಲ್ಗಾರಿದಮ್‌ಗೆ. ಜೆನೆಟಿಕ್ ಅಲ್ಗಾರಿದಮ್ (ಜಿಎ) ಅಂದ್ರೆ ಒಂದಷ್ಟು ಉತ್ತರ ಇಟ್ಕೊಂಡು, ಒಳ್ಳೇದನ್ನ ಉಳಿಸಿ, ಬೆರೆಸಿ, ಅಲ್ಲಲ್ಲಿ ಬದಲಾಯಿಸಿ (ಮ್ಯುಟೇಶನ್), ತಲೆಮಾರಿಂದ ತಲೆಮಾರಿಗೆ ಸುಧಾರಿಸೋ ವಿಧಾನ. ಎಂಟೆಕ್ ಪ್ರಾಜೆಕ್ಟಿಗೆ 300 ಜಾಬ್‌ನ 12 ಸರ್ವರ್‌ಗೆ ಹಂಚ್ಬೇಕಿತ್ತು, ಕೊನೇ ಜಾಬ್ ಆದಷ್ಟು ಬೇಗ ಮುಗೀಬೇಕು. ಒಂದೊಂದು ಹಂಚಿಕೆ ಪರೀಕ್ಷೆ ಮಾಡೋಕೂ ಸಿಮ್ಯುಲೇಶನ್ ಓಡಿಸ್ಬೇಕು, 3 ಸೆಕೆಂಡ್, ಹಂಚಿಕೆ ಕೆಟ್ಟದಿದ್ರೆ 20 ಸೆಕೆಂಡೂ ಆಗತ್ತೆ. ಅದಕ್ಕೇ ನಾಲ್ಕು ಕ್ಲೌಡ್ ಮಷೀನ್ ತಗೊಂಡೆ, ಸ್ಟೈಪೆಂಡ್ ದುಡ್ಡಲ್ಲಿ, ಯಾವಾಗ ಬೇಕಾದ್ರೂ ವಾಪಸ್ ಕಿತ್ಕೊಳ್ಳೋ ಅಗ್ಗದ ಸ್ಪಾಟ್ ಮಷೀನು.

ಮೊದ್ಲು ಮಾಸ್ಟರ್-ವರ್ಕರ್ ಜಿಎ, ಅಂದ್ರೆ ಒಂದು ಮಾಸ್ಟರ್ ಮಷೀನು ಪರೀಕ್ಷೆಗಳನ್ನ ಎಲ್ಲಾ ಮಷೀನಿಗೂ ಹಂಚಿ, ಎಲ್ಲಾ ಮುಗಿದ್ಮೇಲೇ ಮುಂದಿನ ಜನರೇಶನ್ (ತಲೆಮಾರು) ಶುರು ಮಾಡೋದು. ಬರೆಯೋಕೆ ಸುಲಭ, ಆದ್ರೆ ಪ್ರತಿ ಜನರೇಶನ್ನಲ್ಲೂ ಆ 20 ಸೆಕೆಂಡಿನ ಒಂದು ಜೀವಿಗೋಸ್ಕರ (ಅಂದ್ರೆ ಒಂದು ಹಂಚಿಕೆಗೋಸ್ಕರ) ಉಳಿದ ಮೂರು ಮಷೀನು ಸುಮ್ನೆ ಕೂತಿರತ್ವೆ, ಬಾಡಿಗೆ ಮಾತ್ರ ಓಡ್ತಾನೇ ಇರತ್ತೆ. ಎರಡನೇ ರಾತ್ರಿ ಮಾಸ್ಟರ್ ಮಷೀನೇ ಹೋಯ್ತು, ಜೊತೆಗೆ ಇಡೀ ರನ್ನೂ.

ಪಿಎಸ್‌ಒ (ಪಾರ್ಟಿಕಲ್ ಸ್ವಾರ್ಮ್ ಆಪ್ಟಿಮೈಸೇಶನ್), ಅಂದ್ರೆ 1995ರಲ್ಲಿ ಕೆನಡಿ, ಎಬರ್‌ಹಾರ್ಟ್ ಹಕ್ಕಿ ಹಿಂಡು ನೋಡಿ ಮಾಡಿದ್ದು, ಅದ್ರಲ್ಲಿ ಕೊನೇ ಜಾಬ್ ಮುಗಿಯೋ ಸಮಯ ಶುರುವಲ್ಲಿ ತುಂಬಾ ಬೇಗ ಇಳೀತು, ಆಮೇಲೆ ನಿಂತೇಬಿಡ್ತು. ಅದು ನಂಬರ್‌ಗಳ ಮಧ್ಯೆ ಜಾರ್ಕೊಂಡು ಹೋಗೋ ವಿಧಾನ, 3.4 ಬಂದ್ರೆ ರೌಂಡ್ ಮಾಡಿ 3ನೇ ಸರ್ವರ್ ಅನ್ಬೇಕು. ಆದ್ರೆ 3ನೇ ಸರ್ವರ್ರಿಗೂ 4ನೇದಕ್ಕೂ ನಂಬರ್ ಬಿಟ್ರೆ ಏನೂ ಸಂಬಂಧ ಇಲ್ಲ, ಪಕ್ಕಕ್ಕೆ ಸರಿದ್ರೆ ಸುಧಾರಿಸತ್ತೆ ಅನ್ನೋ ಲೆಕ್ಕಾಚಾರವೇ ಇಲ್ಲಿ ನಡೆಯಲ್ಲ.

ಇರುವೆ ವಿಧಾನದ ಉತ್ತರ ನಿಜವಾಗ್ಲೂ ಚೆನ್ನಾಗಿತ್ತು. ಆದ್ರೆ ಒಂದೇ ಫೆರೊಮೋನ್ ಟೇಬಲ್ಲು (ಇರುವೆ ದಾರೀಲಿ ವಾಸನೆ ಬಿಟ್ಟು ಹೋಗೋ ಹಾಗೆ, ಯಾವ ಜಾಬ್ ಯಾವ ಸರ್ವರ್‌ಗೆ ಹಾಕಿದ್ರೆ ಒಳ್ಳೇದು ಅಂತ ಗುರುತಿಡೋ ಪಟ್ಟಿ), ಅದನ್ನ ಪ್ರತಿ ಸುತ್ತಲ್ಲೂ ನಾಲ್ಕೂ ಮಷೀನಲ್ಲಿ ಒಂದೇ ಥರ ಇಡ್ಬೇಕು, ಮತ್ತೆ ಅದೇ ಕಾಯೋದು.

ಐಲ್ಯಾಂಡಲ್ಲಿ ಒಂದೊಂದು ಮಷೀನ್ ಒಂದೊಂದು ದ್ವೀಪ, ತನ್ನ ಪಾಡಿಗೆ ತಾನು ಬೆಳೆಯತ್ತೆ. 25 ಜನರೇಶನ್ನಿಗೊಮ್ಮೆ ತನ್ನಲ್ಲಿರೋ ಎರಡು ಒಳ್ಳೇ ಹಂಚಿಕೆನ ಶೇರ್ಡ್ ಫೋಲ್ಡರ್‌ಗೆ ಬರೆದಿಡತ್ತೆ, ಪಕ್ಕದ ದ್ವೀಪ ಫೈಲ್ ಇದ್ರೆ ತಗೊಳ್ಳತ್ತೆ, ಇಲ್ಲಾಂದ್ರೆ ಮುಂದಕ್ಕೆ ಹೋಗತ್ತೆ. ಯಾರೂ ಯಾರಿಗೂ ಕಾಯಲ್ಲ.

ಆದ್ರೆ ನನ್ನನ್ನ ಎರಡು ದಿನ ಗೋಳು ಹೊಯ್ಕೊಂಡಿದ್ದೂ ಇದೇ. ಮೊದಲ ರಾತ್ರಿ ಓಡಿಸಿ ಬೆಳಿಗ್ಗೆ ಲಾಗ್ ತೆಗೆದ್ರೆ ಕೊನೇ ಜಾಬ್ ಮುಗಿಯೋ ಸಮಯ ನಾಲ್ಕೂ ದ್ವೀಪದಲ್ಲಿ 1847.3, ದಶಮಾಂಶ ಸಮೇತ ಒಂದೇ. ಎಲ್ಲಾ ಒಂದೇ ಉತ್ತರಕ್ಕೆ ಬಂದಿದಾವೆ ಅಂದ್ರೆ ಇದೇ ಬೆಸ್ಟ್ ಇರ್ಬೇಕು ಅಂತ ಖುಷಿಯಾಗಿ ಗೈಡ್‌ಗೆ ಮೆಸೇಜೂ ಹಾಕ್ದೆ. ಮಧ್ಯಾಹ್ನ ಗ್ರಾಫ್ ಹಾಕಿದ್ರೆ ಒಂದೇ ಗೆರೆ ಕಾಣತ್ತೆ, ಪ್ಲಾಟ್ ಕೆಟ್ಟಿದೆ ಅಂತ ಅದನ್ನೇ ಅರ್ಧ ದಿನ ಸರಿ ಮಾಡ್ತಾ ಕೂತೆ, ಆಮೇಲೆ ಗೊತ್ತಾಯ್ತು ನಾಲ್ಕು ಗೆರೆ ಒಂದರ ಮೇಲೊಂದು ಕೂತಿದಾವೆ ಅಂತ. ಸ್ಕ್ರಿಪ್ಟಿನ ಮೇಲ್ಗಡೆ ರ್‍ಯಾಂಡಮ್ ಸೀಡ್ 42 ಅಂತ ಬರ್ದಿದ್ದೆ (ಸೀಡ್ ಒಂದೇ ಆದ್ರೆ ಅದರಿಂದ ಹುಟ್ಟೋ ನಂಬರ್‌ಗಳ ಸಾಲೂ ಒಂದೇ), ಅದೇ ಸ್ಕ್ರಿಪ್ಟ್ ನಾಲ್ಕೂ ಕಡೆ ಕಾಪಿ ಆಗಿತ್ತು. ಅದೇ ಹುಟ್ಟು, ಅದೇ ಮ್ಯುಟೇಶನ್, ಪಕ್ಕದ ದ್ವೀಪದಿಂದ ಬಂದವನೂ ಆಗ್ಲೇ ಮನೇಲಿರೋನೇ! ನಾಲ್ಕು ಮಷೀನಿನ ಬಾಡಿಗೆ ಕೊಟ್ಟು ಒಂದೇ ಪ್ರಯೋಗನ ನಾಲ್ಕು ಸಲ ಮಾಡಿದ್ದಾಯ್ತು. ಸೀಡ್‌ಗೆ ದ್ವೀಪದ ನಂಬರ್ (0ರಿಂದ 3) ಕೂಡಿಸ್ದೆ, 42, 43, 44, 45. ಸೀಡ್ ತೆಗೆದೇ ಹಾಕ್ಬೇಡಿ, ಇನ್ನೊಂದ್ಸಲ ಅದೇ ರನ್ ಬೇಕು ಅಂದ್ರೆ ಸಿಗಲ್ಲ. ಆಮೇಲೆ ನಾಲ್ಕು ಗೆರೆನೂ ಬೇರೆ ಬೇರೆ ಆಗಿ ಇಳಿದ್ವು, ಉತ್ತರ 1800ರ ಕೆಳಗೆ ಬಂತು.

ಮೂರನೇ ದ್ವೀಪದ ಮಷೀನನ್ನ ರಾತ್ರಿ ಎರಡು ಗಂಟೆಗೆ ಕಿತ್ಕೊಂಡಿದ್ರು. ಉಳಿದ ಮೂರು ಬೆಳಗಿನವರೆಗೂ ಓಡ್ತಾನೇ ಇದ್ವು. ರಾತ್ರಿ ಹಾಕಿ ಮಲಗೋ ನನ್ನಂಥವ್ರಿಗೆ, ಅಗ್ಗದ ಮಷೀನೇ ಗತಿ ಅನ್ನೋವ್ರಿಗೆ, ಇದೇ ಸರಿ. ಗಟ್ಟಿ ಮಷೀನಿಗೆ ದುಡ್ಡಿದ್ರೆ ಇರುವೆನ ಖಂಡಿತ ನೋಡಿ. ನಿಮ್ಮ ಸಿಮ್ಯುಲೇಶನ್ ಮಿಲಿಸೆಕೆಂಡಲ್ಲಿ ಮುಗಿಯತ್ತೆ ಅಂದ್ರೆ ಬಾಡಿಗೆ ಮಷೀನೇ ಬೇಡ, ಲ್ಯಾಪ್‌ಟಾಪಲ್ಲೇ ಓಡ್ಸಿ.