ಅಬಿಸ್ಕೋದಿಂದ ನಿಕ್ಕಲುವೊಕ್ತಾಕ್ಕೆ ಹಸ್ಕಿ ಬಂಡಿ: ಐದು ದಿನದ ಪ್ರವಾಸದ ವಿಮರ್ಶೆ

ಉತ್ತರ ಸ್ವೀಡನ್ನಿನಲ್ಲಿ ನಾಯಿಬಂಡಿ ಪ್ರವಾಸ ಎಂದು ಸಿಗುವುದು ಎರಡು ಬಗೆ. ಕಿರುನಾ ಊರಿನ ಸುತ್ತ ಒಂದೆರಡು ಗಂಟೆ ಕಂಬಳಿ ಹೊದ್ದು ಕೂತು ಬರುವುದು ಒಂದು. ನಾಲ್ಕೈದು ನಾಯಿ ಕಟ್ಟಿದ ಸ್ಲೆಡ್ಡನ್ನು (ಹಿಮದ ಮೇಲೆ ಜಾರುವ ಬಂಡಿ) ನಿಮ್ಮ ಕೈಗೇ ಕೊಟ್ಟು, ಗೈಡ್ ಹಿಂದೆ ಬೆಟ್ಟಗಳೊಳಗೆ ಕರೆದೊಯ್ಯುವುದು ಇನ್ನೊಂದು. ಈ ಎರಡನೆಯದು ನಿಜಕ್ಕೂ ಅಪರೂಪದ ಸೇವೆ, ಹಣ ಕೊಟ್ಟು ಹೋಗಬಹುದು. ಆದರೆ ಇದು ಸವಾರಿ ಅಲ್ಲ, ನಾಯಿಗಳ ಚಾಕರಿ. ಅದನ್ನು ಬುಕ್ ಮಾಡುವಾಗಲೇ ಸ್ಪಷ್ಟವಾಗಿ ಹೇಳುವ ಸಂಸ್ಥೆಯನ್ನೇ ಆರಿಸಿಕೊಳ್ಳಿ.

ದಾರಿ ಕುಂಗ್ಸ್‌ಲೇಡೆನ್ ಚಾರಣಪಥದ ಉತ್ತರದ ತುದಿ. ಅಬಿಸ್ಕೋದಿಂದ ಅಬಿಸ್ಕೋಯೌರೆ 15 ಕಿ.ಮೀ., ಅಲ್ಲಿಂದ ಅಲೆಸ್ಯೌರೆ 21, ಚೆಕ್ಟ್ಯ ಕಣಿವೆದಾರಿ ದಾಟಿ ಸೆಲ್ಕಕ್ಕೆ ಸುಮಾರು 25, ಕೆಬ್ನೆಕೈಸೆ ತಂಗುದಾಣಕ್ಕೆ 26, ಕೊನೆಗೆ ನಿಕ್ಕಲುವೊಕ್ತಾ 19. ತರಬೇತಿಯಾದ ಹಸ್ಕಿಗಳಿಗೆ ಇದು ಹಗುರ ಕೆಲಸ. ಆದರೂ ದಿನವಿಡೀ ಪುರುಸೊತ್ತಿರುವುದಿಲ್ಲ, ಏಕೆಂದರೆ ಬಂಡಿ ಓಡಿಸುವಷ್ಟೇ ಸಮಯ ಬಿಡಾರದ ಕೆಲಸಕ್ಕೂ ಹಿಡಿಯುತ್ತದೆ.

ಮೊದಲ ಬೆಳಗ್ಗೆಯೇ ಗೈಡ್ ಎಷ್ಟು ಒಳ್ಳೆಯವರು ಎಂಬುದು ಗೊತ್ತಾಗಿಬಿಡುತ್ತದೆ. ನಾಯಿಯ ಕೊರಳಪಟ್ಟಿ ಹಿಡಿದು ಮುಂಗಾಲು ನೆಲಬಿಡುವಂತೆ ಎತ್ತಿ, ಹಿಂಗಾಲ ಮೇಲೆ ನಡೆಸಿಕೊಂಡು ಬರುವುದನ್ನು ಕಲಿಸಬೇಕು. ನಾಲ್ಕೂ ಕಾಲು ನೆಲದ ಮೇಲಿದ್ದರೆ 25 ಕೆ.ಜಿ. ನಾಯಿ ನಿಮ್ಮನ್ನೇ ಎಳೆದುಕೊಂಡು ಹೋಗುತ್ತದೆ. ಕಟ್ಟುವಾಗ ಲೀಡರ್ ನಾಯಿಗಳು ಮೊದಲು, ಏಕೆಂದರೆ ಮುಂದಿನ ತುದಿಯಲ್ಲಿ ಹಗ್ಗ ಬಿಗಿಯಾಗಿ ನಿಂತರೆ ಹಿಂದಿನವು ಸಿಕ್ಕಿಹಾಕಿಕೊಳ್ಳುವುದಿಲ್ಲ. ಸ್ಲೆಡ್ಡಿಗೆ ತಾಗಿದಂತೆ ಓಡುವ ಬಲಿಷ್ಠ ಜೋಡಿ ಕೊನೆಗೆ. ನಾಯಿಗಳು ಹೊರಡುವ ಆತುರದಲ್ಲಿ ಕಿವಿಗಡಚಿಕ್ಕುವಂತೆ ಬೊಗಳುತ್ತಿರುತ್ತವೆ. ಬಂಡಿ ಹೊರಟ ಕ್ಷಣಕ್ಕೆ ಎಲ್ಲ ನಿಶ್ಶಬ್ದ.

ಬ್ರೇಕು ಎರಡು. ಕಾಲಿನಡಿಯ ರಬ್ಬರ್ ಚಾಪೆ ವೇಗ ತಗ್ಗಿಸಲು, ಉಕ್ಕಿನ ಹಲ್ಲುಗಳಿರುವ ಪಟ್ಟಿ ನಿಲ್ಲಿಸಲು. ನಿಂತ ಮೇಲೆ ಸ್ನೋ ಹುಕ್ಕನ್ನು (ಲಂಗರಿನಂಥ ಕೊಕ್ಕೆ) ಗಟ್ಟಿ ಹಿಮಕ್ಕೆ ತುಳಿದು ನೆಡಬೇಕು. ಹೆಪ್ಪುಗಟ್ಟಿದ ಕೆರೆಯ ಬೋಳು ಮಂಜುಗಡ್ಡೆಯಲ್ಲಿ ಅದು ಹಿಡಿಯುವುದೇ ಇಲ್ಲ, ಹಾಗಾಗಿ ಅಲ್ಲಿ ನಿಂತಾಗ ಬ್ರೇಕಿನಿಂದ ಕಾಲು ತೆಗೆಯಬಾರದು. ಬಿದ್ದರೂ ಹಿಡಿಕೆ ಬಿಡಬಾರದು. ಬಿಟ್ಟರೆ ಹಗುರಾದ ಬಂಡಿಯೊಂದಿಗೆ ನಾಯಿಗಳು ಓಡುತ್ತಲೇ ಇರುತ್ತವೆ, ಮುಂದಿನ ಬಂಡಿಗೆ ಡಿಕ್ಕಿ ಹೊಡೆದು ಗಾಯ ಮಾಡಿಕೊಳ್ಳುತ್ತವೆ. ಇಳಿಜಾರಿನಲ್ಲಿ ಎಳೆಯುವ ಹಗ್ಗ ಸಡಿಲಾಗಬಾರದು; ಸಡಿಲಾಯಿತೆಂದರೆ ಸ್ಲೆಡ್ ಹಿಂದಿನ ಜೋಡಿಯ ಕಾಲ ಮೇಲೆ ಏರಿತೆಂದೇ ಅರ್ಥ. ಏರಿನಲ್ಲಿ ಒಂದು ಕಾಲಿನಿಂದ ನೂಕಬೇಕು, ಇಲ್ಲವೇ ಇಳಿದು ಓಡಬೇಕು. ಸುಮ್ಮನೆ ನಿಂತಿದ್ದರೆ ನಾಯಿಗಳು ತಿರುಗಿ ನೋಡುತ್ತವೆ.

ಬೀಳುವವರು ಹೆಚ್ಚಾಗಿ ಬೀಳುವುದು ಚೆಕ್ಟ್ಯದಲ್ಲಿ. ಸುಮಾರು 1,150 ಮೀಟರ್ ಎತ್ತರದ ಈ ಜಾಗ ಕುಂಗ್ಸ್‌ಲೇಡೆನ್ನಿನಲ್ಲೇ ಎತ್ತರದ್ದು. ಉತ್ತರದಿಂದ ಏರು ಹೇಗೋ ಸಾಗುತ್ತದೆ, ದಕ್ಷಿಣದ ಇಳಿಜಾರು ಕಡಿದಾದದ್ದು, ಗಾಳಿಗೆ ಹಿಮ ಕಲ್ಲಿನಂತಾಗಿರುತ್ತದೆ. ಜವಾಬ್ದಾರಿಯುತ ಗೈಡ್ ಎಲ್ಲರನ್ನೂ ಮೇಲೆಯೇ ನಿಲ್ಲಿಸಿ ಒಬ್ಬೊಬ್ಬರನ್ನೇ ಇಳಿಸುತ್ತಾರೆ, ಹೊಸಬರ ತಂಡದಿಂದ ಒಂದೆರಡು ನಾಯಿಗಳ ಎಳೆಯುವ ಹಗ್ಗವನ್ನು ಕಳಚಿ ಎಳೆತ ತಗ್ಗಿಸುತ್ತಾರೆ. ಎಲ್ಲರನ್ನೂ ಸಾಲಾಗಿ ಬಿಟ್ಟುಬಿಡುವವರ ಬಳಿ ಹೋಗಬೇಡಿ.

ಇನ್ನು ಸಂಜೆ. ಈ ಸೇವೆಯ ಬೆಲೆ ಕಟ್ಟಬೇಕಾದದ್ದು ಇಲ್ಲೇ. ಬಂಡಿ ನಿಂತ ಕೂಡಲೇ ನಾಯಿಗಳನ್ನು ನೆಲಕ್ಕೆ ಬಿಗಿದ ಉದ್ದನೆಯ ಸರಪಳಿಗೆ ಕಟ್ಟಿ, ಸರಂಜಾಮು ಬಿಚ್ಚಿ, ಪಾದ ಕಾಯಲು ತೊಡಿಸಿದ ಬಟ್ಟೆಯ ಬೂಟಿಗಳನ್ನು ತೆಗೆಯಬೇಕು. ರಾತ್ರಿಯಿಡೀ ಬಿಟ್ಟರೆ ರಕ್ತಸಂಚಾರ ಕಟ್ಟಿ ಪಾದ ಊದಿಕೊಳ್ಳುತ್ತದೆ. ಆಮೇಲೆ ಒಂದೊಂದೇ ಪಾದವನ್ನು ಕೈಯಲ್ಲಿ ಹಿಡಿದು ಬೆರಳ ಸಂದು ಬಿಡಿಸಿ ನೋಡಬೇಕು: ಮಂಜಿನ ಉಂಡೆ, ಬಿರುಕು, ಕೆಂಪಾದ ಚರ್ಮ ಇದ್ದರೆ ಮುಲಾಮು. ಕೆರೆಯ ಮಂಜಿನಲ್ಲಿ ಕೊರೆದ ಗುಂಡಿಯಿಂದ ನೀರು ತಂದು ಬಿಸಿ ಮಾಡಿ, ಮಾಂಸದ ಚೂರು ಹಾಕಿದ ತಿಳಿಸಾರನ್ನು ಮೊದಲು ಕೊಡಬೇಕು, ಏಕೆಂದರೆ ಬರಿ ನೀರನ್ನು ಚಳಿಯಲ್ಲಿ ನಾಯಿಗಳು ಸಾಕಷ್ಟು ಕುಡಿಯುವುದಿಲ್ಲ. ಒಣ ಆಹಾರ ಮತ್ತು ಕೊಬ್ಬಿನ ಊಟ ಅದರ ನಂತರ. ಬೆಳಗ್ಗೆ ಹೊರಡುವ ಮುನ್ನ ಹೊಟ್ಟೆ ತುಂಬ ಹಾಕಿದರೆ ಜಠರ ತಿರುಚಿಕೊಳ್ಳುವ ಅಪಾಯವಿದೆ. ಈ ಕೆಲಸವನ್ನು ಅತಿಥಿಗಳಿಗೆ ಬಿಟ್ಟು ತಾನು ಒಳಗೆ ಹೋಗುವ ಗೈಡ್, ಅಥವಾ ಬೂಟಿ ತೆಗೆಯುವುದಕ್ಕೂ ಆತುರಪಡುವ ಗೈಡ್ ಇದ್ದರೆ ಆ ಸಂಸ್ಥೆಗೆ ಒಂದು ನಕ್ಷತ್ರವೂ ಸಲ್ಲದು.

ಗುಡಿಸಲುಗಳು ಸರಳ: ಕರೆಂಟಿಲ್ಲ, ನಲ್ಲಿಯಿಲ್ಲ, ಸೌದೆ ನೀವೇ ಸೀಳಬೇಕು. ಅಲೆಸ್ಯೌರೆ ಮತ್ತು ಸೆಲ್ಕದಲ್ಲಿ ಸೌದೆಯಿಂದ ಕಾಯಿಸುವ ಸೌನಾ (ಬಿಸಿ ಹಬೆಯ ಕೋಣೆ) ಇದೆ, ಅದು ದೊಡ್ಡ ಸಮಾಧಾನ. ಮೊಬೈಲ್ ಸಿಗ್ನಲ್ ದಾರಿಯ ಬಹುಭಾಗದಲ್ಲಿ ಇಲ್ಲ, ಗೈಡ್ ಬಳಿ ಸ್ಯಾಟಲೈಟ್ ಫೋನ್ ಇದೆಯೇ ಎಂದು ಮೊದಲೇ ಕೇಳಿ. ಒಬ್ಬ ಗೈಡ್‌ಗೆ ಎಷ್ಟು ಅತಿಥಿಗಳು, ವಯಸ್ಸಾದ ನಾಯಿಗಳನ್ನು ಏನು ಮಾಡುತ್ತೀರಿ ಎಂದೂ ಕೇಳಿ. ನಾಲ್ಕೈದು ಅತಿಥಿಗಳಿಗಿಂತ ಹೆಚ್ಚಾದರೆ ಹಿಂದಿನವರಿಗೆ ತೊಂದರೆಯಾದದ್ದು ಮುಂದೆ ಸಾಗುವ ಗೈಡ್‌ಗೆ ತಡವಾಗಿ ತಿಳಿಯುತ್ತದೆ.

ಚಳಿಯ ಲೆಕ್ಕ ತಪ್ಪುವವರೇ ಹೆಚ್ಚು. ಗಾಳಿಯಿಲ್ಲದ -20 ಡಿಗ್ರಿಯಲ್ಲೂ ಗಂಟೆಗೆ 15 ಕಿ.ಮೀ. ವೇಗದಲ್ಲಿ ಸಾಗುವಾಗ ಮುಖಕ್ಕೆ ತಾಗುವುದು -29ರ ಚಳಿ. ಮೇಲಿನ ಓವರಾಲ್, ದಪ್ಪ ಬೂಟು ಸಾಮಾನ್ಯವಾಗಿ ಸಂಸ್ಥೆಯೇ ಕೊಡುತ್ತದೆ. ಬೂಟು ಒಂದೆರಡು ಸೈಜ್ ದೊಡ್ಡದಿರಲಿ, ಬಿಗಿಯಾದರೆ ಬೆರಳು ಮರಗಟ್ಟುತ್ತದೆ. ಒಳಗೆ ಉಣ್ಣೆ ಮಾತ್ರ. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿ ಉಳಿಯುತ್ತದೆ. ಜೊತೆಯವರ ಕೆನ್ನೆಯಲ್ಲಿ ಬಿಳಿ ಮಚ್ಚೆ ಕಂಡರೆ ತಕ್ಷಣ ಬರಿಗೈಯನ್ನು ಅದರ ಮೇಲೆ ಒತ್ತಿ ಹಿಡಿಯಿರಿ, ಉಜ್ಜಬೇಡಿ. ನಮ್ಮ ಅಭಿಪ್ರಾಯದಲ್ಲಿ ಮಾರ್ಚ್ ಅತ್ಯುತ್ತಮ: ಹಗಲು ಉದ್ದ, ಹಿಮ ಗಟ್ಟಿ, ರಾತ್ರಿ ಆಕಾಶದಲ್ಲಿ ಅರೋರಾದ ಬಣ್ಣದ ಬೆಳಕು ಕಾಣುವಷ್ಟು ಕತ್ತಲೆಯೂ ಇರುತ್ತದೆ. ಏಪ್ರಿಲ್ ಕೊನೆಗೆ ಮಧ್ಯಾಹ್ನ ಹಿಮ ಕೆಸರಾಗುತ್ತದೆ, ನಾಯಿಗಳಿಗೆ ಸೆಕೆಯಾಗುತ್ತದೆ.

ಸಸ್ಯಾಹಾರವೇ ಈ ಸೇವೆಯ ದುರ್ಬಲ ಭಾಗ. ಕೇಳಿದರೆ ಕೊಡುತ್ತಾರೆ, ಆದರೆ ಬಿಸಿನೀರು ಹಾಕುವ ಪೊಟ್ಟಣದೂಟವೇ ಮತ್ತೆ ಮತ್ತೆ. ಗೊಜ್ಜವಲಕ್ಕಿ ಪುಡಿ, ತೆಳು ಅವಲಕ್ಕಿ, ಚಟ್ನಿಪುಡಿ, ಕಡಲೆಕಾಯಿ ಒಯ್ಯಿರಿ. ಹಾಲಿನ ಪದಾರ್ಥಗಳಿಗೆ ಯುರೋಪಿನಲ್ಲಿ ನಿರ್ಬಂಧವಿರುವುದರಿಂದ ತುಪ್ಪ ಬೇಡ. ಷೆಂಗೆನ್ ವೀಸಾಕ್ಕೆ ಬೇಕಾದ 30,000 ಯೂರೋ ವಿಮೆಯಲ್ಲಿ ನಾಯಿಬಂಡಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ ಪಡೆಯಿರಿ. ನಿಕ್ಕಲುವೊಕ್ತಾದಿಂದ ಕಿರುನಾಕ್ಕೆ ರಸ್ತೆಯಲ್ಲಿ ಒಂದು ಗಂಟೆಗೂ ಹೆಚ್ಚಿನ ದಾರಿ, ಆ ವಾಹನ ಪ್ರವಾಸದ ದರದಲ್ಲಿ ಸೇರಿದೆಯೋ ಇಲ್ಲವೋ ನೋಡಿಕೊಳ್ಳಿ. ವಾಪಸ್ ವಿಮಾನವನ್ನು ಅದೇ ಸಂಜೆಗೆ ಬುಕ್ ಮಾಡಬೇಡಿ. ಚೆಕ್ಟ್ಯದಲ್ಲಿ ಬಿರುಗಾಳಿ ಎದ್ದರೆ ಒಂದು ದಿನ ಗುಡಿಸಲಲ್ಲೇ ಕಾಯಬೇಕಾಗುತ್ತದೆ, ಆಗ ಹೊರಡುವಂತೆ ಗೈಡನ್ನು ಒತ್ತಾಯಿಸಲೇಬಾರದು.