ಕಾಗೆ ಕರೆಯುವ ಯಂತ್ರ: ಮೂರು ಚಳಿಗಾಲ ಬಳಸಿದ ಮೇಲೆ

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಲ್ಯಾಂಕಾಸ್ಟರ್ ಹತ್ತಿರ. ಸುತ್ತ ಮುಸುಕಿನ ಜೋಳದ ಹೊಲಗಳು. ಚಳಿಗಾಲದಲ್ಲಿ ಸಾವಿರಾರು ಕಾಗೆಗಳು ಬಂದು ಸೇರುತ್ತವೆ. ಊರು ಸಕಲೇಶಪುರದ ಕಡೆ, ಅಜ್ಜನ ಮನೆಯಲ್ಲಿ ತೋಟೆ ಕೋವಿ ಇತ್ತು. ಆದರೆ ನಾನು ಮೊದಲ ಈಡು ಹೊಡೆದದ್ದು ಇಲ್ಲಿ, ತರಬೇತಿ ಮುಗಿಸಿ ಲೈಸೆನ್ಸ್ ಪಡೆದ ಮೇಲೆ.

ಕಾಗೆ ಸುಲಭದ ಶಿಕಾರಿ ಅಂದುಕೊಂಡಿದ್ದೆ. ಮೊದಲ ಆರು ವಾರ ಒಂದೂ ಹತ್ತಿರ ಬರಲಿಲ್ಲ. ಆಗ ತೆಗೆದುಕೊಂಡದ್ದು ಈ ಎಲೆಕ್ಟ್ರಾನಿಕ್ ಕಾಲರ್ (caller), ಅಂದರೆ ಕೂಗು ಹಾಕಿ ಹಕ್ಕಿ ಕರೆಯುವ ಯಂತ್ರ. ಒಂದು ಸ್ಪೀಕರ್, ಒಂದು ರಿಮೋಟ್, ಒಳಗೆ ರೆಕಾರ್ಡ್ ಮಾಡಿದ ಹಕ್ಕಿ ಕೂಗುಗಳು. ಸುಮಾರು 200 ಡಾಲರ್ ಕೊಟ್ಟೆ.

ಕೆಲಸ ಮಾಡುತ್ತದಾ? ಮಾಡುತ್ತದೆ. ಆದರೆ ನೀವು ಸರಿಯಾಗಿ ಅಡಗಿದ್ದರೆ ಮಾತ್ರ. ನನಗೆ ಇದು ಗೊತ್ತಾಗಲು ಒಂದಿಡೀ ಸೀಸನ್ ಬೇಕಾಯಿತು. ಯಂತ್ರ ಕೂಗಿದ ಕೂಡಲೇ ಮೊದಲು ಒಂದೋ ಎರಡೋ ಕಾಗೆ ನೋಡಿಕೊಂಡು ಹೋಗಲು ಬರುತ್ತವೆ. ನಿಮ್ಮ ಮುಖ ಮೇಲಕ್ಕೆ ತಿರುಗಿದ್ದು ಅವಕ್ಕೆ ಕಂಡರೆ ಮುಗಿಯಿತು. ತಿರುಗಿ ಹೋಗುತ್ತಾ ಎಲ್ಲರಿಗೂ ಸಾರಿಬಿಡುತ್ತವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್‌ಲಫ್ 2006ರಲ್ಲಿ ಸಿಯಾಟಲ್‌ನಲ್ಲಿ ಮುಖವಾಡ ಹಾಕಿಕೊಂಡು ಕೆಲವು ಕಾಗೆಗಳನ್ನು ಹಿಡಿದು ಬಿಟ್ಟಿದ್ದರು. ವರ್ಷಗಳಾದ ಮೇಲೂ ಆ ಮುಖವಾಡ ಕಂಡರೆ ಕಾಗೆಗಳು ಮುತ್ತಿಕೊಂಡು ಬೈಯುತ್ತಿದ್ದವು. ಅಂಥ ಹಕ್ಕಿ ಇದು. ಹಾಗಾಗಿ ಮುಖಕ್ಕೆ ಬಲೆ, ಕೈಗೆ ಗ್ಲೌಸ್, ಕೂರುವುದು ನೆರಳಲ್ಲಿ. ಶಿಕಾರಿಗೆ ಅಡಗಿ ಕಾಯುವುದಕ್ಕೆ ನಮ್ಮ ಮಲೆನಾಡಿನಲ್ಲಿ ಮರಸಿಗೆ ಕೂರುವುದು ಅಂತಾರಲ್ಲ, ಅಷ್ಟೇ ಅಲ್ಲಾಡದೆ ಕೂರಬೇಕು.

ಯಂತ್ರದ ದೊಡ್ಡ ಲಾಭ ಇಲ್ಲೇ ಇದೆ. ಬಾಯಲ್ಲಿ ಊದುವ ಪೀಪಿಯಾದರೆ ಸದ್ದು ನನ್ನಿಂದಲೇ ಬರುತ್ತದೆ, ಕಾಗೆ ನನ್ನನ್ನೇ ನೋಡುತ್ತದೆ. ಸ್ಪೀಕರನ್ನು 20 ಗಜ ದೂರ ಇಟ್ಟರೆ ಅದರ ಕಣ್ಣು ಅತ್ತ ಹೋಗುತ್ತದೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಗೂಬೆಯನ್ನು ಎತ್ತರದ ಕಂಬದ ಮೇಲೆ ಕೂರಿಸುತ್ತೇನೆ, ಸುತ್ತ ನಾಲ್ಕು ನಕಲಿ ಕಾಗೆ. ಇಲ್ಲಿನ ಕೊಂಬಿನ ಗೂಬೆ (ಗ್ರೇಟ್ ಹಾರ್ನ್ಡ್ ಔಲ್) ರಾತ್ರಿ ಕಾಗೆಗಳನ್ನು ಗೂಡಿನಲ್ಲೇ ಹಿಡಿದು ತಿನ್ನುತ್ತದೆ. ಹಗಲಲ್ಲಿ ಅದು ಕಂಡರೆ ಸಾಕು, ಕಾಗೆಗಳು ಸಿಟ್ಟಿಗೆದ್ದು ಗುಂಪಾಗಿ ಎರಗುತ್ತವೆ.

ಮೊದಲು ಮಾಮೂಲಿ ಕೂಗು, ತುಂಬಾ ಮೆಲ್ಲಗೆ. ಆಮೇಲೆ ಕಾಗೆ-ಗೂಬೆ ಜಗಳ. ನೋವಿನಿಂದ ಕಿರುಚುವ ಕಾಗೆಯ ಸದ್ದು ಕೊನೆಗೆ, ಗುಂಪು ಹೊರಟುಹೋಗುತ್ತಿದೆ ಅನಿಸಿದಾಗ ಮಾತ್ರ. ವಾಲ್ಯೂಮ್ ಪೂರ್ತಿ ಏರಿಸಬೇಡಿ, ಸ್ಪೀಕರ್ ಒಡೆದ ಸದ್ದು ಮಾಡುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಏನೂ ಬರದಿದ್ದರೆ ಜಾಗ ಬದಲಿಸಿ. ಬರುವವು ಬೇಗನೇ ಬರುತ್ತವೆ. 30 ಗಜದೊಳಗೆ ಬರುವ ತನಕ ಕೋವಿ ಎತ್ತಬೇಡಿ. ಆಸೆಗೆ ದೂರದಿಂದ ಹೊಡೆದು ಒಂದು ಕಾಗೆಗೆ ಗಾಯ ಮಾಡಿದ್ದೆ, ಅದು ಪಕ್ಕದ ಕಾಡಿಗೆ ಹೋಗಿ ಬಿತ್ತು. ಸಂಜೆವರೆಗೆ ಹುಡುಕಿದರೂ ಸಿಗಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ತೊಂದರೆಗಳೂ ಇವೆ. ಚಳಿ ಸೊನ್ನೆಗಿಂತ ಕೆಳಗೆ ಹೋದರೆ ಬ್ಯಾಟರಿ ಒಂದೂವರೆ ಗಂಟೆಗೆ ಸಾಯುತ್ತದೆ. ಜೇಬಿನಲ್ಲಿ ಬೆಚ್ಚಗೆ ಇನ್ನೊಂದು ಸೆಟ್ ಇಟ್ಟುಕೊಳ್ಳುತ್ತೇನೆ. ಎರಡನೇ ವರ್ಷ ರಿಮೋಟ್‌ನ ಒಂದು ಬಟನ್ ಕೆಟ್ಟಿತು, ರಿಪೇರಿಗೆ ಕಳಿಸಿದ್ದು ಬರಲು ಏಳು ವಾರ. ಸೀಸನ್ ಅರ್ಧ ಹೋಯಿತು. ಇನ್ನೊಂದು, ಒಂದೇ ಹೊಲದಲ್ಲಿ ಅದೇ ರೆಕಾರ್ಡಿಂಗ್ ಎರಡು ವಾರ ಸತತ ಹಾಕಿದರೆ ಕಾಗೆಗಳು ಕಲಿತುಬಿಡುತ್ತವೆ. ಈಗ ಮೂವರು ರೈತರ ಹೊಲಗಳನ್ನು ಸರದಿಯಲ್ಲಿ ಬಳಸುತ್ತೇನೆ. ಮೊಳಕೆ ಕಿತ್ತು ಹಾಕುತ್ತವೆ ಅಂತ ಅವರೇ ಖುಷಿಯಿಂದ ಅನುಮತಿ ಕೊಟ್ಟರು.

ಕಾನೂನು ನೋಡಿಕೊಳ್ಳಿ. ಇಲ್ಲಿನ ಕೇಂದ್ರ ನಿಯಮದಂತೆ ಯಾವ ರಾಜ್ಯವೂ ಕಾಗೆ ಶಿಕಾರಿಗೆ ವರ್ಷಕ್ಕೆ 124 ದಿನಕ್ಕಿಂತ ಜಾಸ್ತಿ ಬಿಡುವಂತಿಲ್ಲ. ಮರಿ ಮಾಡುವ ಮುಖ್ಯ ಕಾಲದಲ್ಲಿ ಹೊಡೆಯುವಂತಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಕಾಗೆ ಶಿಕಾರಿಗೆ ಅವಕಾಶ ಶುಕ್ರ, ಶನಿ, ಭಾನುವಾರ ಮಾತ್ರ. ಎಲ್ಲ ರಾಜ್ಯಗಳ ನಿಯಮ ಒಂದೇ ಅಲ್ಲ. ಭಾರತದಲ್ಲಂತೂ ಈ ಕೆಲಸಕ್ಕೆ ಕೈಹಾಕಬೇಡಿ. ಹಿಂದೆ ವನ್ಯಜೀವಿ ಕಾಯ್ದೆಯಲ್ಲಿ ಕಾಗೆ ಉಪದ್ರವಿ ಪ್ರಾಣಿಗಳ ಪಟ್ಟಿಯಲ್ಲಿತ್ತು, 2022ರ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಎಡೆ ಇಟ್ಟು ಕರೆಯೋ ಹಕ್ಕಿನ ಹೊಡೀತೀಯೇನೋ?" ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಪಿತೃಪಕ್ಷದ ಹದಿನೈದು ದಿನ ಈಗ ಯಂತ್ರವನ್ನು ಹೊರಗೆ ತೆಗೆಯುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಹೊಸಬರು ಮೊದಲು ಮುಖದ ಬಲೆ ಕೊಳ್ಳಿ, ಆಮೇಲೆ 15 ಡಾಲರ್‌ನ ಬಾಯಿ ಪೀಪಿ, ಒಂದು ಗೂಬೆ. ಅಷ್ಟರಲ್ಲಿ ಕಾಗೆ ನಿಮ್ಮ ತಲೆ ಮೇಲೆ ಹಾರಿ ಹೋಗುವಷ್ಟು ಅಡಗಲು ಬಂತು ಅಂದರೆ, ಆಗ ಈ ಯಂತ್ರ ತೆಗೆದುಕೊಳ್ಳಿ.