ಮೂರೂವರೆ ವರ್ಷ ಬಳಸಿದ ಮೇಲೆ: ನನ್ನ ಹಳೇ ಪಿಂಗ್ ಐ2 ಗಾಲ್ಫ್ ಸೆಟ್

ನಾನು ಆಡುವ ಐರನ್‌ಗಳು, ಅಂದರೆ ಲೋಹದ ಚಪ್ಪಟೆ ತಲೆಯ ಗಾಲ್ಫ್ ಕೋಲುಗಳು (ಗಾಲ್ಫ್‌ನಲ್ಲಿ ಕೋಲಿಗೆ ಕ್ಲಬ್ ಅನ್ನುತ್ತಾರೆ), 1980ರ ದಶಕದವು. 2022ರ ಮಾರ್ಚ್‌ನಲ್ಲಿ ಚಿಕ್ಕಮಗಳೂರು ಕಡೆಯ ಒಬ್ಬ ಹಿರಿಯ ಕಾಫಿ ಪ್ಲಾಂಟರ್ ಹತ್ತಿರ ಕೊಂಡೆ. ಒಂಬತ್ತು ಐರನ್, ಒಂದು ಪಟರ್ (ಚೆಂಡನ್ನು ಕುಳಿಗೆ ಉರುಳಿಸುವ ಕ್ಲಬ್), ಬ್ಯಾಗ್, ಎಲ್ಲ ಸೇರಿ 18,000 ರೂಪಾಯಿ. ಅವತ್ತಿನಿಂದ ವಾರಕ್ಕೆ ಎರಡು ಸಲ ರೇಂಜ್‌ನಲ್ಲಿ ಅಭ್ಯಾಸ, ತಿಂಗಳಿಗೆ ಒಂದೆರಡು ಸಲ ಕೋರ್ಸ್‌ನಲ್ಲಿ ಆಟ. ಇವತ್ತಿಗೂ ಅದೇ ಸೆಟ್. ಹೊಸದಾಗಿ ಕಲಿಯುವವರು ಸೆಕೆಂಡ್ ಹ್ಯಾಂಡ್ ತಗೋಬಹುದಾ ಅಂತ ಕೇಳಿದರೆ, ಧೈರ್ಯವಾಗಿ ತಗೊಳ್ಳಿ ಅಂತೀನಿ. ಆದರೆ ಕ್ಲಬ್‌ನ ತಲೆ ನೋಡಿ ಮರುಳಾಗಬೇಡಿ. ಗ್ರಿಪ್ (ಹಿಡಿಯ ರಬ್ಬರ್) ಮತ್ತು ಶಾಫ್ಟ್ (ಹಿಡಿಯಿಂದ ತಲೆವರೆಗಿನ ಕಡ್ಡಿ) ನೋಡಿ ಕೊಳ್ಳಿ. ಇದೊಂದು ವಿಷಯ ಮೊದಲೇ ಗೊತ್ತಿದ್ದರೆ ನನಗೆ ಹತ್ತು ಸಾವಿರ ರೂಪಾಯಿಯಾದರೂ ಉಳಿಯುತ್ತಿತ್ತು.

ಗಾಲ್ಫ್ ಹುಚ್ಚು ಹತ್ತಿದ್ದು 2021ರ ಆಗಸ್ಟ್ 7ರಂದು. ನಮ್ಮ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದಿಂದ ಪದಕ ತಪ್ಪಿಸಿಕೊಂಡು ನಾಲ್ಕನೆಯವಳಾದ ದಿನ. ಅವಳ ಬ್ಯಾಗ್ ಹೊತ್ತು ಜೊತೆಗೆ ನಡೆದವರು ಅವಳ ತಾಯಿ. ಆಟದ ಗಂಧ ಗೊತ್ತಿಲ್ಲದ ನಮ್ಮ ಮನೆಯವರೆಲ್ಲ ಬೆಳಿಗ್ಗೆ ಟೀವಿ ಮುಂದೆ ಉಸಿರು ಬಿಗಿಹಿಡಿದು ಕೂತಿದ್ದೆವು. ಮುಂದಿನ ತಿಂಗಳೇ ಒಬ್ಬ ಕೋಚ್ ಹತ್ತಿರ ಕಲಿಯೋಕೆ ಸೇರಿದೆ. ಆರು ತಿಂಗಳು ಅವರ ಕ್ಲಬ್‌ಗಳನ್ನೇ ಹಿಡಿದು ಆಡಿದೆ. ಇದು ಒಳ್ಳೆಯದೇ ಆಯಿತು. ನನ್ನ ಕೈಗೆ ಯಾವ ತೂಕ ಹಿತ ಅನ್ನೋದು ಆ ಆರು ತಿಂಗಳಲ್ಲಿ ತಿಳಿಯಿತು. ಹೊಸ ಐರನ್ ಸೆಟ್ ಕೇಳಲು ಅಂಗಡಿಗೆ ಹೋದಾಗ 80,000ದ ಮೇಲೆ ಹೇಳಿದರು. ವಾಪಸ್ ಬಂದೆ.

ಪ್ಲಾಂಟರ್ ಅಂಕಲ್ ಪರಿಚಯವಾಗಿದ್ದು ಕೋಚ್ ಮೂಲಕ. ಮಂಡಿ ನೋವಿನಿಂದ ಆಟ ಬಿಟ್ಟಿದ್ದರು. ಅವರ ಮನೆ ಜಗಲಿಯಲ್ಲಿ ಬ್ಯಾಗ್ ಬಿಚ್ಚಿ ಒಂದೊಂದೇ ಕ್ಲಬ್ ನನ್ನ ಕೈಗೆ ಕೊಟ್ಟರು. "ನೋಡಪ್ಪ, ಎಲ್ಲಾ ಹೊತ್ಕೊಂಡು ಹೋಗ್ಬೇಡ. ಮೊದಲು 7 ಐರನ್ ಒಂದನ್ನೇ ಆಡು. ಅದು ಮಾತು ಕೇಳೋಕೆ ಶುರು ಮಾಡಿದ ಮೇಲೆ ಉಳಿದದ್ದು" ಅಂದರು. ಐರನ್‌ಗಳಿಗೆ ನಂಬರ್ ಇರುತ್ತದೆ, ನಂಬರ್ ಚಿಕ್ಕದಾದಷ್ಟೂ ಚೆಂಡು ದೂರ ಹೋಗುತ್ತದೆ. ನಿಯಮದ ಪ್ರಕಾರ ಬ್ಯಾಗಿನಲ್ಲಿ 14 ಕ್ಲಬ್ ಇಟ್ಟುಕೊಳ್ಳಬಹುದು. ನಾನು ಮೊದಲ ವರ್ಷ 5, 7, 9, ಎರಡು ವೆಜ್ (ಚೆಂಡನ್ನು ಎತ್ತರಕ್ಕೆ ಎತ್ತಿ ಹತ್ತಿರಕ್ಕೆ ಹಾಕುವ ಐರನ್) ಮತ್ತು ಪಟರ್ ಇಷ್ಟರಲ್ಲೇ ಆಡಿದೆ. ಯಾವತ್ತೂ ಕಡಿಮೆ ಅನ್ನಿಸಲಿಲ್ಲ. 3 ಐರನ್ ಇವತ್ತಿಗೂ ಅಟ್ಟದ ಮೇಲಿದೆ.

ಐ2 ಬಗ್ಗೆ ಸ್ವಲ್ಪ ಹೇಳಲೇಬೇಕು. ಪಿಂಗ್ ಕಂಪನಿ ಕಟ್ಟಿದ ಕಾರ್ಸ್ಟನ್ ಸೋಲ್ಹೈಮ್ ಒಬ್ಬ ಇಂಜಿನಿಯರ್. ಐರನ್‌ನ ಬೆನ್ನು ಟೊಳ್ಳು ಮಾಡಿ ತೂಕವನ್ನು ಅಂಚುಗಳಿಗೆ ಹಂಚಿದರೆ, ಚೆಂಡು ಸರಿಯಾಗಿ ಮಧ್ಯಕ್ಕೆ ತಾಗದಿದ್ದರೂ ತಲೆ ಜಾಸ್ತಿ ತಿರುಚುವುದಿಲ್ಲ. ಆಗ ಚೆಂಡೂ ಅಷ್ಟಾಗಿ ದಾರಿ ತಪ್ಪುವುದಿಲ್ಲ. ಕಲಿಯುವವರಿಗೆ ಬೇಕಾಗಿರೋದು ಇದೇ ಅಲ್ವಾ? ಐ2 ಬಂದಿದ್ದು 1982ರಲ್ಲಿ. ಆ ಲೆಕ್ಕಾಚಾರ ಇವತ್ತಿಗೂ ಹಳತಾಗಿಲ್ಲ. ಉಕ್ಕಿನ ತಲೆಗೆ ವಯಸ್ಸಾಗುವುದು ಬಹಳ ನಿಧಾನ. ಇದರ ಸ್ಯಾಂಡ್ ವೆಜ್ ಅಂತೂ ನನಗೆ ಪ್ರಾಣ. ಮರಳಿನಲ್ಲಿ ಹೂತುಕೊಳ್ಳದೆ ಜಾರಿಕೊಂಡು ಹೋಗುತ್ತದೆ. ಐ2 ಐರನ್‌ಗಳ ಮುಖದ ಮೇಲಿನ ಗೀರುಗಳ ಬಗ್ಗೆ ಅಮೆರಿಕದಲ್ಲಿ ಕೋರ್ಟ್ ಜಗಳವೇ ಆಗಿತ್ತು. 1990ರಲ್ಲಿ ರಾಜಿಯಾಗಿ, ಆ ವರ್ಷದ ಏಪ್ರಿಲ್‌ಗೆ ಮುಂಚೆ ತಯಾರಾದವು ನಿಯಮಬದ್ಧ ಅಂತ ತೀರ್ಮಾನವಾಯಿತು. 2010ರಲ್ಲಿ ಗೀರುಗಳ ನಿಯಮ ಬಿಗಿಯಾದಾಗ ಅಮೆರಿಕದ ಆಟಗಾರ ಫಿಲ್ ಮಿಕಲ್ಸನ್ ಆ ರಾಜಿಯ ಬಲದಿಂದ ಇಂಥದ್ದೇ ಹಳೇ ಐ2 ವೆಜ್ ಹಿಡಿದು ಆಡಿದ್ದು ದೊಡ್ಡ ಸುದ್ದಿಯಾಗಿತ್ತು.

ತಲೆ ಇಷ್ಟು ಗಟ್ಟಿ. ನನಗೆ ತೊಂದರೆ ಕೊಟ್ಟಿದ್ದು ಉಳಿದ ಭಾಗ. ಮೊದಲ ತಿಂಗಳೇ ಎಡಗೈಯಲ್ಲಿ ಬೊಬ್ಬೆ. ನಾನು ಹಿಡಿಯುವ ರೀತಿಯೇ ತಪ್ಪು ಅಂದುಕೊಂಡೆ. ಕೋಚ್ ಬಂದು ಗ್ರಿಪ್ ಮುಟ್ಟಿ ನೋಡಿದರು. ರಬ್ಬರ್ ಒಣಗಿ ಪ್ಲಾಸ್ಟಿಕ್ ಥರ ಆಗಿತ್ತು, ಹೊಳೆಯುತ್ತಿತ್ತು. ಜಾರದಿರಲಿ ಅಂತ ನಾನು ಗೊತ್ತಿಲ್ಲದೇ ಅಮುಕಿ ಹಿಡಿಯುತ್ತಿದ್ದೆ. ಅಮುಕಿ ಹಿಡಿದರೆ ಮುಂಗೈ ಬಿಗಿಯುತ್ತದೆ, ಸ್ವಿಂಗ್ ಅಲ್ಲಿಗೇ ನಿಲ್ಲುತ್ತದೆ. ಒಂದಕ್ಕೆ 750 ರೂಪಾಯಿಯಂತೆ ಒಂಬತ್ತಕ್ಕೂ ಹೊಸ ಗ್ರಿಪ್ ಹಾಕಿಸಿದೆ. 6,750 ರೂಪಾಯಿ ಆಯಿತು. ಮರುದಿನವೇ ವ್ಯತ್ಯಾಸ ಕಂಡಿತು. ಈಗ ಎರಡು ತಿಂಗಳಿಗೊಮ್ಮೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು ಹಾಕಿ ಗ್ರಿಪ್ ತೊಳೆಯುತ್ತೇನೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬ್ಯಾಗ್ ಬಿಡುವುದಿಲ್ಲ. ರಬ್ಬರಿಗೆ ಆ ಕಾವು ಆಗುವುದಿಲ್ಲ.

ಹಳೇ ಗ್ರಿಪ್ ಕತ್ತರಿಸಿ ತೆಗೆದಾಗ ಇನ್ನೊಂದು ವಿಷಯ ಹೊರಬಂತು. 5 ಐರನ್ ಶಾಫ್ಟ್ ಗ್ರಿಪ್ ಅಡಿಯಲ್ಲಿ ತುಕ್ಕು ತಿಂದು ಗುಳಿ ಬಿದ್ದಿತ್ತು. ಮಲೆನಾಡಿನ ಮಳೆಗಾಲ, ನೆನೆದ ಬ್ಯಾಗ್, ಇನ್ನೇನಾಗಬೇಕು. ಮೇಲ್ಮೈ ತುಕ್ಕಾದರೆ ಸ್ಟೀಲ್ ವುಲ್‌ನಿಂದ ಉಜ್ಜಿದರೆ ಹೋಗುತ್ತದೆ. ಗುಳಿ ಬಿದ್ದ ಶಾಫ್ಟ್ ಮಾತ್ರ ಒಂದಲ್ಲ ಒಂದು ದಿನ ಮುರಿಯುತ್ತದೆ. ಮುರಿದ ತುದಿ ಯಾರಿಗೆ ಬಡಿಯುತ್ತದೋ ಹೇಳೋಕಾಗಲ್ಲ. ಶಾಫ್ಟ್ ಬದಲಿಸಲು 2,500 ಹೋಯಿತು. ಇದರಲ್ಲಿ ಅಂಕಲ್ ತಪ್ಪೇನೂ ಇಲ್ಲ. ಗ್ರಿಪ್ ಒಳಗೆ ಏನಿದೆ ಅಂತ ಅವರಿಗೂ ಕಾಣುತ್ತಿರಲಿಲ್ಲ. ಆದರೆ ತಲೆ ಶಾಫ್ಟಿಗೆ ಸೇರುವ ಕತ್ತಿನ ಹತ್ತಿರ ನೀವು ಬೆರಳಾಡಿಸಿ ನೋಡಬಹುದು. ಅಲ್ಲಿ ಒರಟು ಸಿಕ್ಕರೆ ಬೆಲೆ ಇಳಿಸಿ ಕೇಳಿ. ಗ್ರಾಫೈಟ್ ಶಾಫ್ಟ್ ಆದರೆ ಬ್ಯಾಗಿನ ಬಾಯಿಗೆ ಉಜ್ಜಿ ಸವೆದ ಗುರುತು, ಬಿರುಕು ಇದೆಯಾ ಅಂತ ಬೆಳಕಿಗೆ ಹಿಡಿದು ತಿರುಗಿಸಿ ನೋಡಿ.

ಪಿಂಗ್ ಕೊಳ್ಳುವವರಿಗೆ ಒಂದು ದೊಡ್ಡ ಅನುಕೂಲ ಇದೆ. ಪ್ರತಿ ಐರನ್ ಮೇಲೆ ಸೀರಿಯಲ್ ನಂಬರ್ ಇರುತ್ತದೆ. ಒಂದೇ ಸೆಟ್ ಆದರೆ ಎಲ್ಲದರ ಮೇಲೂ ಒಂದೇ ನಂಬರ್. ಜೊತೆಗೆ ಒಂದು ಬಣ್ಣದ ಚುಕ್ಕಿ. ಕ್ಲಬ್ ನೆಲದ ಮೇಲೆ ಯಾವ ಕೋನದಲ್ಲಿ ಕೂರುತ್ತದೆ ಅನ್ನೋದನ್ನು ಅದು ಹೇಳುತ್ತದೆ. ಕಪ್ಪು ಚುಕ್ಕಿ ಅಂದರೆ ಸಾಮಾನ್ಯ ಅಳತೆ. ನೀಲಿ ಇನ್ನಷ್ಟು ನೆಟ್ಟಗೆ, ಕೆಂಪು ಇನ್ನಷ್ಟು ವಾಲಿದ್ದು. ನನ್ನ ಎತ್ತರ ಐದಡಿ ಏಳಿಂಚು, ಕಪ್ಪು ಚುಕ್ಕಿ ಹೊಂದುತ್ತದೆ. ಪರೀಕ್ಷೆ ಮಾಡೋದು ಸುಲಭ. ಚೆಂಡಿನ ಮೇಲೆ ಅಳಿಸಬಹುದಾದ ಮಾರ್ಕರ್‌ನಿಂದ ಒಂದು ನೇರ ಗೆರೆ ಎಳೆದು, ಗೆರೆ ಕ್ಲಬ್ ಕಡೆ ನೆಟ್ಟಗೆ ಇರುವಂತೆ ಇಟ್ಟು ಹೊಡೆಯಿರಿ. ಕ್ಲಬ್ ಮುಖದ ಮೇಲೆ ಮೂಡಿದ ಗೆರೆ ನೆಟ್ಟಗಿದ್ದರೆ ಕೋನ ಸರಿ. ವಾರೆಯಾಗಿದ್ದರೆ ನಿಮ್ಮ ಸ್ವಿಂಗ್ ಎಷ್ಟೇ ಚೆನ್ನಾಗಿದ್ದರೂ ಚೆಂಡು ಪಕ್ಕಕ್ಕೆ ಹೋಗುತ್ತದೆ.

ಡ್ರೈವರ್, ಅಂದರೆ ದೂರದ ಮೊದಲ ಹೊಡೆತಕ್ಕೆ ಬಳಸುವ ದೊಡ್ಡ ತಲೆಯ ಕ್ಲಬ್, ಅದರ ವಿಷಯದಲ್ಲಿ ಮೋಸ ಹೋದೆ. ಐರನ್ ಕೊಂಡ ವರ್ಷವೇ ಆನ್‌ಲೈನ್ ಜಾಹೀರಾತು ನೋಡಿ, ಒಂದು ಪಾರ್ಕಿಂಗ್ ಜಾಗದಲ್ಲಿ ಭೇಟಿಯಾಗಿ, 9,000 ಕೊಟ್ಟು ತಂದೆ. ದೊಡ್ಡ ಬ್ರ್ಯಾಂಡ್ ಹೆಸರು, ಮಿರಮಿರ ಮಿಂಚುತ್ತಿತ್ತು. ಎರಡು ತಿಂಗಳಿಗೆ ತಲೆ ಸಡಿಲವಾಯಿತು. ಕೋಚ್ ಒಂದು ಅಯಸ್ಕಾಂತ ಹಿಡಿದರು. ಟಪ್ ಅಂತ ಅಂಟಿಕೊಂಡಿತು. ಅದನ್ನು ಟೈಟಾನಿಯಂ ಅಂತ ಮಾರಿದ್ದರು. ಟೈಟಾನಿಯಂಗೆ ಅಯಸ್ಕಾಂತ ಅಂಟುವುದಿಲ್ಲ. ಮಾರಿದವರ ಫೋನ್ ಆಮೇಲೆ ಹೋಗಲೇ ಇಲ್ಲ. ತುಂಬಾ ಬೇಜಾರಾಯಿತು. ಅಸಲಿಯಾಗಿದ್ದರೂ ಅದು ನನಗೆ ತಕ್ಕದ್ದಾಗಿರಲಿಲ್ಲ ಅಂತ ಈಗ ಗೊತ್ತು. ಮುಖದ ಓರೆ 9 ಡಿಗ್ರಿ, ಸ್ಟಿಫ್ (ಗಡುಸು) ಶಾಫ್ಟ್. ನಿಧಾನ ಸ್ವಿಂಗ್ ಇರುವ ಕಲಿಯುವವರ ಕೈಯಲ್ಲಿ ಅದು ಚೆಂಡನ್ನು ಮೇಲೆತ್ತುವುದಿಲ್ಲ, ಬಲಕ್ಕೆ ತಳ್ಳುತ್ತದೆ. ಈಗಿರುವುದು 10.5 ಡಿಗ್ರಿ, ರೆಗ್ಯುಲರ್ ಶಾಫ್ಟ್. ನೆತ್ತಿಯ ಮೇಲೆ ಬಣ್ಣ ಕಿತ್ತಿದೆ. ಅದಕ್ಕೇ ಕಡಿಮೆ ಬೆಲೆಗೆ ಸಿಕ್ಕಿತು. ಆಟಕ್ಕೆ ಏನೂ ತೊಂದರೆ ಇಲ್ಲ.

ಕೊರತೆ ಇಲ್ಲವೇ ಅಂದರೆ, ಇದೆ. ಗೆಳೆಯನ ಹೊಸ 7 ಐರನ್ ನನ್ನದಕ್ಕಿಂತ ಇಪ್ಪತ್ತು ಗಜ ದೂರ ಹೋಗುತ್ತದೆ. ಮೊದಲು ಕಸಿವಿಸಿಯಾಗುತ್ತಿತ್ತು. ಈಗಿನ ಸೆಟ್‌ಗಳಲ್ಲಿ 7 ಐರನ್ ಮುಖದ ಓರೆ 30 ಡಿಗ್ರಿ ಆಸುಪಾಸು. ಹಳೇ ಸೆಟ್‌ಗಳಲ್ಲಿ ಅದಕ್ಕಿಂತ ನಾಲ್ಕೈದು ಡಿಗ್ರಿ ಜಾಸ್ತಿ. ಓರೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ. ಅಂದರೆ ಅವನ 7, ನನ್ನ 6ಕ್ಕೆ ಹತ್ತಿರ. ಇದು ತಿಳಿದ ಮೇಲೆ ಹೋಲಿಸುವುದನ್ನು ಬಿಟ್ಟೆ.

ಮಗಳಿಗೆ ಒಂಬತ್ತು ವರ್ಷ. ಅವಳಿಗಾಗಿ ಒಂದು ಹಳೇ ಕ್ಲಬ್ ಕತ್ತರಿಸಿ ಗಿಡ್ಡ ಮಾಡಿಸಿದ್ದೆ. ದಯವಿಟ್ಟು ಹಾಗೆ ಮಾಡಬೇಡಿ. ಕತ್ತರಿಸಿದರೆ ಶಾಫ್ಟ್ ಇನ್ನೂ ಗಡುಸಾಗುತ್ತದೆ, ದೊಡ್ಡವರ ತಲೆಯ ಭಾರ ಹಾಗೇ ಇರುತ್ತದೆ. ಮಗು ಕ್ಲಬ್ ಬೀಸುವ ಬದಲು ಕ್ಲಬ್ಬೇ ಮಗುವನ್ನು ಎಳೆಯುತ್ತದೆ. ಆಮೇಲೆ ಸೆಕೆಂಡ್ ಹ್ಯಾಂಡ್ ಜೂನಿಯರ್ ಸೆಟ್ ತಂದೆ, 4,000 ರೂಪಾಯಿ. ಮಕ್ಕಳು ಒಂದೆರಡು ವರ್ಷಕ್ಕೆ ಬೆಳೆದುಬಿಡುತ್ತಾರೆ, ಹಾಗಾಗಿ ಹೆಚ್ಚು ಸವೆಯದ ಜೂನಿಯರ್ ಸೆಟ್ ಹುಡುಕಿದರೆ ಸಿಗುತ್ತದೆ.

ಒಂದು ಬಾಕಿ ಉಳಿದಿದೆ. ನನ್ನ ಸೆಟ್‌ನಲ್ಲಿ 8 ಐರನ್‌ನ ಸೀರಿಯಲ್ ನಂಬರ್ ಬೇರೆ, ಚುಕ್ಕಿ ನೀಲಿ. ಕೊಳ್ಳುವಾಗ ಗಮನಿಸಿರಲಿಲ್ಲ. ಹೊಡೆದಾಗಲೆಲ್ಲ ಅದೊಂದೇ ಚೂರು ಎಡಕ್ಕೆ ಎಳೆಯುತ್ತಿತ್ತು. ಅಂಕಲ್‌ಗೆ ಫೋನ್ ಮಾಡಿ ಕೇಳಿದೆ. ಅಸಲಿ 8 ಐರನ್ ಅನ್ನು ಎಷ್ಟೋ ವರ್ಷದ ಹಿಂದೆ ಮಡಿಕೇರಿ ಕಡೆ ಆಡಲು ಹೋದಾಗ ಹುಲ್ಲಲ್ಲಿ ಮರೆತು ಬಂದರಂತೆ. "ಅದೇ ನನ್ನ ಮೆಚ್ಚಿನ ಕ್ಲಬ್ ಆಗಿತ್ತು ಕಣಪ್ಪ" ಅಂದರು. ಕಪ್ಪು ಚುಕ್ಕಿಯ, ಬಲಗೈ ಐ2 8 ಐರನ್ ಒಂದನ್ನು ಹುಡುಕುತ್ತಿದ್ದೇನೆ. ಸಿಕ್ಕ ದಿನ ಅದನ್ನು ಮೊದಲು ಅವರ ಜಗಲಿಗೆ ಒಯ್ದು ಅವರ ಕೈಗೆ ಕೊಡುತ್ತೇನೆ.